ನಿವೃತ್ತಿ ನಿಮಗಷ್ಟೇ ಆಗಿದೆ: ಮೈಸೂರಿನ ಗಂಡಂದಿರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಕುವೆಂಪುನಗರವೋ ಒಂಟಿಕೊಪ್ಪಲೋ, ಸರಸ್ವತೀಪುರವೋ ಜೆ.ಪಿ. ನಗರವೋ, ಮೈಸೂರಿನ ಯಾವ ಬಡಾವಣೆಯಲ್ಲೇ ಇರಿ, ಅರವತ್ತು ದಾಟಿ, ಕೆಲಸದಿಂದ ನಿವೃತ್ತರಾಗಿ, ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮೇಲೆ ಮನೆಯಲ್ಲಿ ಹೆಂಡತಿಯೊಂದಿಗೆ ಇಬ್ಬರೇ ಉಳಿದಿರುವ ಗಂಡಂದಿರಿಗೆಲ್ಲ ಈ ಪತ್ರ. ಬರೆಯುತ್ತಿರುವವಳು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದ, ಇದೇ ಊರಿನ ಒಬ್ಬ ಹೆಂಡತಿ. ನಿವೃತ್ತಳಾದದ್ದು ಶಾಲೆಯಿಂದ ಮಾತ್ರ, ಅಡುಗೆಮನೆಯಿಂದ ಅಲ್ಲ. ನಿಮ್ಮೊಂದಿಗೆ ಮಾತಾಡಬೇಕೆನ್ನಿಸಿದ್ದೂ ಈ ವಿಷಯಕ್ಕೇ.

ಕಚೇರಿಯಲ್ಲಿ ನಿಮಗೆ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು ಕಳಿಸಿಕೊಟ್ಟರು. ಮಾರನೆಯ ದಿನದಿಂದಲೇ ನಿಮ್ಮ ಬೆಳಗು ಬದಲಾಯಿತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗೆಳೆಯರ ಜತೆ ವಾಕಿಂಗ್, ಬೆಂಚಿನ ಮೇಲೆ ಒಂದಿಷ್ಟು ರಾಜಕೀಯ, ಬರುವಾಗ ಹೋಟೆಲಿನಲ್ಲಿ ಬೈಟು ಕಾಫಿ, ಮನೆಗೆ ಬಂದು ಎರಡು ಪೇಪರು, ಮಧ್ಯಾಹ್ನ ಒಂದು ಜೊಂಪು, ಸಂಜೆ ಪಾರ್ಕೋ ಕ್ಲಬ್ಬೋ. ಬೇಡವೆನ್ನುವವಳು ನಾನಲ್ಲ, ದುಡಿದಿದ್ದೀರಿ, ನಿಮಗೆ ಸಲ್ಲಬೇಕಾದದ್ದೇ. ಆದರೆ ಅದೇ ಮಾರನೆಯ ದಿನದಿಂದ ನಿಮ್ಮ ಹೆಂಡತಿಯ ಕೆಲಸ ಹೆಚ್ಚಿತು. ಮೊದಲಾದರೆ ನಿಮ್ಮ ಡಬ್ಬಿ ಕಟ್ಟಿ ಕಳಿಸಿದ ಮೇಲೆ ಸಂಜೆಯವರೆಗೆ ಮನೆ ಆಕೆಯದು. ಈಗ ಹನ್ನೊಂದಕ್ಕೆ ಇನ್ನೊಂದು ಲೋಟ ಕಾಫಿ, ಒಂದಕ್ಕೆ ಬಿಸಿ ಅನ್ನ, ನಾಲ್ಕಕ್ಕೆ ಬಾಯಾಡಿಸಲು ಏನಾದರೊಂದು. ಆಕೆಗೆ ಹಾರ ಹಾಕಿ ಬೀಳ್ಕೊಡುವ ಸಮಾರಂಭವನ್ನು ಯಾರೂ ಏರ್ಪಡಿಸಲಿಲ್ಲ.

ನೀವು ಅಡುಗೆ ಕಲಿಯಿರಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಕಲಿತರೆ ಸಂತೋಷ. ನಾನು ಕೇಳುವುದು ಇಷ್ಟೇ: ವಾರಕ್ಕೊಂದು ದಿನ, ಇಬ್ಬರೇ, ಕಾರ್ಯ ಕಾರಣ ಯಾವುದೂ ಇಲ್ಲದೆ ಹೊರಗೆ ಹೋಗಿ. "ಹೋಗ್ತಾನೇ ಇರ್ತೀವಲ್ಲಮ್ಮ" ಎನ್ನುತ್ತೀರಿ. ಎಲ್ಲಿಗೆ? ಮದುವೆಗೆ, ಮುಂಜಿಗೆ, ಗೃಹಪ್ರವೇಶಕ್ಕೆ. ಅಲ್ಲಿ ನೀವು ಗಂಡಸರ ಸಾಲಿನಲ್ಲಿ, ಆಕೆ ಹೆಂಗಸರ ಗುಂಪಿನಲ್ಲಿ. ಜತೆಗೂಡುವುದು ಉಡುಗೊರೆಯ ಕವರ್ ಕೊಟ್ಟು ಫೋಟೊಗೆ ನಿಲ್ಲುವಾಗ. ಹರಕೆ ತೀರಿಸಲು ಧರ್ಮಸ್ಥಳಕ್ಕೆ ಹೋಗುತ್ತೀರಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೂ ಹೋಗಿಬಂದಿರಿ. ಆಕೆ ನೋಡಿದ ಅಮೆರಿಕದಲ್ಲಿ ಮುಕ್ಕಾಲು ಪಾಲು ಮಗಳ ಅಡುಗೆಮನೆ. ಇವೆಲ್ಲ ಬಿಡಲಾಗದ ಹೊಣೆಗಳು, ನಿಜ. ತಿರುಗಾಟದ ಲೆಕ್ಕಕ್ಕೆ ಮಾತ್ರ ಇವನ್ನು ಬರೆದುಕೊಳ್ಳಬೇಡಿ.

ತಿರುಗಾಟ ನಿಮಗೆ ಬಾರದ ವಿದ್ಯೆಯೂ ಅಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳ ಸದ್ದು ಈ ಊರಿನ ಬೀದಿ ತುಂಬಿದ್ದ ಕಾಲದಲ್ಲಿ ನಿಮ್ಮಲ್ಲಿ ಅನೇಕರಿಗೆ ಮದುವೆಯಾಯಿತು. ಹೊಸ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೃಂದಾವನಕ್ಕೆ, ಬಲಮುರಿಗೆ, ಚಾಮುಂಡಿ ಬೆಟ್ಟಕ್ಕೆ ಹೋದವರೇ ನೀವೆಲ್ಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಷ್ಟರೊಳಗೆ ಮಕ್ಕಳ ಶಾಲೆ, ಸೈಟಿನ ಕಂತು, ತಂಗಿಯ ಮದುವೆ, ಅಪ್ಪ ಅಮ್ಮನ ಆಸ್ಪತ್ರೆ ಎಲ್ಲ ಸೇರಿ, ಹಿಂದಿನ ಸೀಟು ತರಕಾರಿ ಚೀಲಕ್ಕೂ ಗ್ಯಾಸ್ ಸಿಲಿಂಡರಿಗೂ ಮೀಸಲಾಯಿತು. ಯಾರ ತಪ್ಪೂ ಅಲ್ಲ. ಆದರೆ ಆ ಹೊರೆಗಳೆಲ್ಲ ಇಳಿದು ಈಗ ವರ್ಷಗಳಾದವು. ಸೀಟು ಖಾಲಿಯಿದೆ.

ನಮ್ಮೂರಿನದೇ ಒಂದು ಸಂಗತಿ ನೆನಪಿಸುತ್ತೇನೆ. ಡಿ. ಕೃಷ್ಣಕುಮಾರ್ ಅವರ ಹೆಸರನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅಪ್ಪ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿ ಚೂಡಾರತ್ನ ಅವರನ್ನು ಕೂರಿಸಿಕೊಂಡು, 2018ರ ಜನವರಿ 16ರಂದು ಮೈಸೂರಿನಿಂದ ಹೊರಟವರು. ದೇಶವನ್ನು ಸುತ್ತಿಸಿದ್ದಲ್ಲದೆ ನೇಪಾಳ, ಭೂತಾನ, ಮ್ಯಾನ್ಮಾರ್‌ಗೂ ಕರೆದೊಯ್ದರು. ಮಾತೃಸೇವಾ ಸಂಕಲ್ಪ ಯಾತ್ರೆ ಎಂದು ಅದಕ್ಕೆ ಹೆಸರಿಟ್ಟರು. ಇದೆಲ್ಲ ಶುರುವಾದದ್ದು ಒಂದು ಮಾತಿನಿಂದ. ಕೂಡುಕುಟುಂಬದ ಅಡುಗೆ, ಆರೈಕೆಯಲ್ಲೇ ಆಯುಸ್ಸು ಸವೆಸಿದ್ದ ತಾಯಿಯನ್ನು ಆ ಕ್ಷೇತ್ರ ನೋಡಿದ್ದೀಯಾ, ಈ ಕ್ಷೇತ್ರ ನೋಡಿದ್ದೀಯಾ ಎಂದು ಮಗ ಕೇಳಿದರೆ, ಪಕ್ಕದ ಬೇಲೂರು ಹಳೇಬೀಡನ್ನೇ ನೋಡಿಲ್ಲವೆಂದರಂತೆ ಆಕೆ. ಮಗ ಕೆಲಸ ಬಿಟ್ಟು ಹೊರಟೇಬಿಟ್ಟರು. ಸುದ್ದಿ ಓದಿ ನಾವೆಲ್ಲ ಕಣ್ಣೊರೆಸಿಕೊಂಡು, ಹುಟ್ಟಿದರೆ ಇಂಥ ಮಗ ಹುಟ್ಟಬೇಕು ಎಂದೆವು. ನನಗೆ ಅದರ ಜತೆಗೇ ಇನ್ನೊಂದು ಯೋಚನೆಯೂ ಬಂತು. ಮೈಸೂರಿನಿಂದ ಬೇಲೂರಿಗೆ ಅರ್ಧ ದಿನದ ದಾರಿಯೂ ಅಲ್ಲ. ಅಷ್ಟು ಹತ್ತಿರದ ಊರನ್ನೂ ನೋಡದೆ ಮುದುಕಿಯರಾದ ಹೆಂಗಸರು ನಮ್ಮ ಒಂದೊಂದು ಬೀದಿಯಲ್ಲೂ ಇದ್ದಾರೆ. ಅವರೆಲ್ಲರ ಮಕ್ಕಳೂ ಕೆಲಸ ಬಿಟ್ಟು ಬರಲಾರರು, ಬರಬೇಕಾಗಿಯೂ ಇಲ್ಲ. ನೀವಿದ್ದೀರಲ್ಲ!

ಗಂಡ ಹೆಂಡತಿಯ ಉದಾಹರಣೆಯೇ ಬೇಕೆಂದರೆ ಕೊಚ್ಚಿಯ ಕಡೆ ನೋಡಿ. ವಿಜಯನ್ ಮತ್ತು ಮೋಹನಾ ದಂಪತಿ ಅಲ್ಲೊಂದು ಪುಟ್ಟ ಚಹಾ ಅಂಗಡಿ ನಡೆಸುತ್ತಿದ್ದರು. ದಿನದ ವ್ಯಾಪಾರದಲ್ಲಿ 300 ರೂಪಾಯಿ ತೆಗೆದಿಟ್ಟು, ಸಾಲದೆ ಬಂದರೆ ಸಾಲ ಮಾಡಿ, ವಾಪಸು ಬಂದು ದುಡಿದು ತೀರಿಸಿ, ಜೋಡಿಯಾಗಿ 25ಕ್ಕೂ ಹೆಚ್ಚು ದೇಶ ನೋಡಿದರು. 2021ರಲ್ಲಿ ರಷ್ಯಾಕ್ಕೆ ಹೋಗಿಬಂದ ಕೆಲವೇ ವಾರಗಳಲ್ಲಿ ವಿಜಯನ್ ತೀರಿಕೊಂಡರು. ಅವರನ್ನು ತಿಂಗಳ ಪಿಂಚಣಿ ಸಾಕುತ್ತಿರಲಿಲ್ಲ, ನಿಮ್ಮಲ್ಲಿ ಬಹಳ ಜನಕ್ಕೆ ಅದಿದೆ. ನಾನೇನೂ ರಷ್ಯಾ ಕೇಳುತ್ತಿಲ್ಲ, ನಜರ್‌ಬಾದ್ ಕೇಳುತ್ತಿದ್ದೇನೆ.

ನಜರ್‌ಬಾದ್ ಎಂದರೆ ಮೈಲಾರಿ ದೋಸೆ. ಗೆಳೆಯರ ಜತೆ ಎಷ್ಟೋ ಸಲ ತಿಂದಿದ್ದೀರಿ, ಆಕೆಗೆ ಪಾರ್ಸೆಲ್ಲೂ ತಂದಿದ್ದೀರಿ. ಆದರೆ ಆ ದೋಸೆ ಪಾರ್ಸೆಲ್ಲಿಗೆ ಆಗಿಬರುವುದಿಲ್ಲ. ಅದು ಗರಿಗರಿಯ ಜಾತಿಯದಲ್ಲ; ಮೆತ್ತಗಿನ ಮೈ ಮೇಲೆ ಬೆಣ್ಣೆ ಇನ್ನೂ ಕರಗುತ್ತಿರುವಾಗಲೇ ಬಾಯಿಗೆ ಹೋಗಬೇಕು. ಒಮ್ಮೆ ನಮ್ಮ ಪಕ್ಕದ ಮನೆಯ ದಂಪತಿಯನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಆಕೆ ಕೂತ ತಕ್ಷಣ ಕರವಸ್ತ್ರ ತೆಗೆದು ಟೇಬಲ್ಲು ಒರೆಸಿದರು. ಮೊದಲ ದೋಸೆ ತಮ್ಮ ಮುಂದೆ ಬಂದರೆ ಅದನ್ನು ಗಂಡನ ಕಡೆ ಸರಿಸಿದರು. ಇನ್ನೊಂದು ಬರುವವರೆಗೆ ಕಾಯುವುದು ಕೈಗೇ ರೂಢಿಯಾಗಿಹೋಗಿದೆ. ತಿಂದಾದ ಮೇಲೆ ನಾಲ್ವರ ತಟ್ಟೆಗಳನ್ನೂ ಒಂದರ ಮೇಲೊಂದು ಜೋಡಿಸಿ ಎದ್ದು ನಿಂತರು. "ಬಿಡಿ ಅಮ್ಮಾ, ನಾವು ತಗೊಳ್ತೀವಿ" ಎಂದು ಮಾಣಿ ಕೈಯಿಂದ ತಟ್ಟೆ ಇಸಿದುಕೊಂಡಾಗ, ಖಾಲಿ ಕೈಗಳನ್ನು ಏನು ಮಾಡಬೇಕೆಂದು ಆಕೆಗೆ ತೋಚಲಿಲ್ಲ. ಆಮೇಲೆ ಹೊರಗೆ ಬಂದು ಹೇಳಿದ್ದು ಒಂದೇ ಮಾತು: "ದೋಸೆ ಇಷ್ಟು ಬಿಸಿ ಇರುತ್ತೆ, ಅಲ್ವಾ?" ಮನೆಯಲ್ಲಿ ಹೆಂಚಿನ ಮುಂದೆ ನಿಂತವಳ ಪಾಲಿಗೆ ಬರುವುದು ಕೊನೆಯ, ಆರಿದ ದೋಸೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಅವರ ಯಜಮಾನರು ಆಟೊದಲ್ಲಿ ಮನೆ ತಲುಪುವವರೆಗೆ ಮಾತಾಡಲಿಲ್ಲ. ಈಗ ಅವರಿಬ್ಬರೇ ಹೋಗಿಬರುತ್ತಾರೆ.

ಊರೊಳಗೆ ಹೋಗಲು ಜಾಗಗಳಿಗೆ ಬರವೇ? ಮಾಂಸಾಹಾರಿಗಳಾದರೆ 1930ರಿಂದ ನಡೆದುಬಂದ ಹನುಮಂತು ಪಲಾವ್ ಇದೆ, ಗಾಂಧಿ ಚೌಕದ ಆರ್‌ಆರ್‌ಆರ್‌ ಹೋಟೆಲಿನ ಬಾಳೆಲೆ ಊಟ ಇದೆ. ಸಿಹಿಗೆ ದೇವರಾಜ ಮಾರುಕಟ್ಟೆಯ ಬಳಿ, ಮೈಸೂರು ಪಾಕನ್ನು ಮೊದಲು ಮಾಡಿದರೆನ್ನುವ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಇದೆ. ಮಾರುಕಟ್ಟೆಯೊಳಕ್ಕೂ ಹೋಗಿ, ತರಕಾರಿ ಚೀಲ ಮಾತ್ರ ಮನೆಯಲ್ಲಿ ಬಿಟ್ಟು ಹೋಗಿ. ಜಗನ್ಮೋಹನ ಅರಮನೆಯಲ್ಲಿ ಹಳದಂಕರರ ದೀಪ ಹಿಡಿದ ಹೆಂಗಸಿನ ಚಿತ್ರ, ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲಿ ವಾರಾಂತ್ಯದ ನಾಟಕ, ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪಾಲಂಕಾರ. ಇವನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಬರುತ್ತಾರೆ. ನಮ್ಮ ಮನೆಯ ಹೆಂಗಸರು ನೋಡಿದ್ದು ಊರಿಂದ ನೆಂಟರು ಬಂದಾಗ, ಅವರ ಮಕ್ಕಳ ಕೈ ಹಿಡಿದುಕೊಂಡು. ದಸರೆಯ ಆಹಾರ ಮೇಳಕ್ಕೂ ಇಬ್ಬರೇ ಹೋಗಿ ನೋಡಿ. ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಬಿರಿಯಾನಿಗೆ ಸಾಲಿನಲ್ಲಿ ನಿಲ್ಲುವುದೂ ಒಂದು ಸೊಗಸು.

ಊರಾಚೆ ಹೋಗಲು ಖರ್ಚಿನ ನೆಪ ಹೇಳುವಂತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಾಡಿನ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆಕೆ ಗುರುತಿನ ಚೀಟಿ ತೋರಿಸಿದರೆ ಸಾಕು. ದುಡ್ಡು ಕೊಡಬೇಕಾದವರು ನೀವೊಬ್ಬರೇ. ಅದಕ್ಕೂ ಅರವತ್ತು ದಾಟಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿ. ಹೆಂಡತಿಯನ್ನು ಕರೆದುಕೊಂಡು ಹೋಗುವುದು ಇಷ್ಟು ಅಗ್ಗವಾದ ಕಾಲ ಹಿಂದೆ ಯಾವತ್ತೂ ಬಂದಿರಲಿಲ್ಲ.

ಒಮ್ಮೆ ನಾನೂ ನಮ್ಮ ಯಜಮಾನರೂ ಹೀಗೆಯೇ ಬನ್ನೂರಿನಲ್ಲಿ ಬಸ್ಸು ಬದಲಿಸಿ ಸೋಮನಾಥಪುರಕ್ಕೆ ಹೋಗಿದ್ದೆವು. ಹೊಯ್ಸಳರ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯಕ್ಕೆ 2023ರಲ್ಲಿ, ಬೇಲೂರು ಹಳೇಬೀಡುಗಳ ಜತೆ, ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಬಂತು. ಮಕ್ಕಳಿಗೆ ಪಾಠ ಮಾಡುವಾಗ ಇಸವಿ, ರಾಜ, ಶಿಲ್ಪಿ ಎಂದು ಬಾಯಿಪಾಠ ಒಪ್ಪಿಸಿದವಳು ನಾನು. ಮಂಟಪದ ಒಂದೊಂದು ಅಂಕಣದ ಮೇಲೂ ಬೇರೆ ಬೇರೆ ಕೆತ್ತನೆಯ ಚಾವಣಿ ಇರುವುದನ್ನು ಕತ್ತೆತ್ತಿ ಸಾವಕಾಶವಾಗಿ ನೋಡಿದ್ದು ಆವತ್ತೇ. ಶಾಲೆಯ ಪ್ರವಾಸದಲ್ಲಿ ನನ್ನ ಕಣ್ಣು ಮಕ್ಕಳ ತಲೆ ಎಣಿಸುತ್ತಿರುತ್ತಿತ್ತು. ಕೈಸಾಲೆಯ ನೆರಳಿನಲ್ಲಿ ಕೂತಾಗ ನಮ್ಮ ಯಜಮಾನರು, ಹುಡುಗನಾಗಿದ್ದಾಗ ನಾಟಕ ಕಂಪನಿ ಸೇರಲೆಂದು ಮನೆ ಬಿಟ್ಟು ತಿರುಮಕೂಡಲಿನವರೆಗೆ ಓಡಿಹೋಗಿ, ಸೋದರಮಾವನ ಕೈಗೆ ಸಿಕ್ಕಿಬಿದ್ದ ಕಥೆ ಹೇಳಿದರು. ಮೊಮ್ಮಕ್ಕಳನ್ನು ಕಂಡಮೇಲೂ ನನಗದು ಹೊಸ ಸುದ್ದಿ. ಮನೆಯಲ್ಲಿ ನಾವಾಡುವ ಮಾತು ಹಾಲು, ಗ್ಯಾಸು, ಮಾತ್ರೆ, ಕರೆಂಟ್ ಬಿಲ್ಲು ಇಷ್ಟರಲ್ಲೇ ಮುಗಿಯುತ್ತದೆ. ಹೊಸಲು ದಾಟಿದರೆ ಗಂಡ ಹೆಂಡತಿಗೆ ಬೇರೆ ಮಾತು ಸಿಗುತ್ತದೆ. ವಾರಕ್ಕೊಮ್ಮೆ ಹೋಗಿ ಎಂದು ನಾನು ಹಟ ಹಿಡಿದಿರುವುದೂ ಇದಕ್ಕೇ. ದೇವಸ್ಥಾನ, ದೋಸೆ ಎಲ್ಲ ಅದಕ್ಕೊಂದು ನೆಪ.

ಈಗ ಕೊಂಚ ಮುಜುಗರದ ವಿಷಯ. ಕ್ಲಬ್ಬಿನಲ್ಲಿ ಗೆಳೆಯರೊಂದಿಗೆ ಒಂದೆರಡು ಪೆಗ್ ಮುಗಿಸಿ, ಏಲಕ್ಕಿ ಜಗಿಯುತ್ತಾ ಮನೆಗೆ ಬರುವವರೇ, ಆಕೆಗೆ ಗೊತ್ತು. ಏಲಕ್ಕಿಯಿಂದ ಇದುವರೆಗೆ ಯಾವ ಹೆಂಡತಿಯೂ ಮೋಸಹೋಗಿಲ್ಲ. ಕುಡಿಯದವರು ಖಂಡಿತ ಶುರುಮಾಡಬೇಡಿ. ನಿಮ್ಮ ಮನೆತನಕ್ಕೆ ಇದು ಒಗ್ಗದಿದ್ದರೆ ಈ ಭಾಗ ಓದದೆ ಮುಂದೆ ಹೋಗಿ. ಕುಡಿಯುವವರಿಗೆ ಮಾತ್ರ ಹೇಳುತ್ತೇನೆ: ಸಂತೋಷವೊಂದನ್ನು ಗೆಳೆಯರ ಜತೆ ಬೆಳಕಿನಲ್ಲೂ ಹೆಂಡತಿಯ ಮುಂದೆ ಕತ್ತಲಲ್ಲೂ ಇಡುವುದು ಬೇಡ. ನಮ್ಮ ರಾಜ್ಯ 2007ರಲ್ಲಿ ದ್ರಾಕ್ಷಾರಸ ನೀತಿ ತಂದು, ಅದಕ್ಕೊಂದು ಮಂಡಳಿಯನ್ನೇ ಮಾಡಿದೆ. ನಂದಿ ಬೆಟ್ಟದ ಸೀಮೆಯಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಅವರ ದ್ರಾಕ್ಷಿತೋಟ ಹೆಸರುವಾಸಿ. ನಮಗೆ ಇನ್ನೂ ಹತ್ತಿರ, ಚನ್ನಪಟ್ಟಣದ ಬಳಿ ಹೆರಿಟೇಜ್ ವೈನರಿ ಇದೆ. ಮಗ, ಸೊಸೆ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದರು. ಆಳೆತ್ತರ ಮೀರಿದ ಸ್ಟೀಲಿನ ತೊಟ್ಟಿಗಳು, ಮರದ ಪೀಪಾಯಿಗಳು, ಎಲ್ಲ ತೋರಿಸಿ ಕೊನೆಗೆ ಗ್ಲಾಸಿನ ತಳದಲ್ಲೊಂದಿಷ್ಟು ಸುರಿದುಕೊಟ್ಟು, ಮೊದಲು ಮೂಸಿ ನೋಡಿ ಎಂದರು. ಗಂಡಸರು ಗಂಭೀರವಾಗಿ ತಲೆಯಾಡಿಸಿದರು. ನಾನು ಒಂದು ಗುಟುಕು ಕುಡಿದು, ಹಳೆ ಹುಣಸೆಹಣ್ಣು ಕಿವುಚಿದ ನೀರಿನ ಹಾಗೆ ನಾಲಿಗೆಯ ಅಂಚು ಹಿಡಿಯುತ್ತದೆ ಎಂದೆ. ತೋರಿಸುತ್ತಿದ್ದ ಹುಡುಗ, ಅದೇ ನೋಡಿ ಅಮ್ಮ ಹಿಡಿಯಬೇಕಾದ್ದು, ಎಂದ. ಜೀವನವಿಡೀ ಸಾರಿನ ಹುಳಿ ಉಪ್ಪು ನೋಡಿದ ನಾಲಿಗೆಗೆ ರುಚಿ ಹೇಳಿಕೊಡಬೇಕಾಗಿಲ್ಲ. ಯಾರಾದರೂ ಅದನ್ನು ಕೇಳಬೇಕು ಅಷ್ಟೆ. ಒಂದೆರಡು ಎಚ್ಚರ: ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಗಾಡಿ ಓಡಿಸಿಕೊಂಡು ಹೋಗಬೇಡಿ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯರಸ್ತೆಗೆ 2023ರ ಆಗಸ್ಟ್ 1ರಿಂದ ಸ್ಕೂಟರ್, ಬೈಕುಗಳನ್ನು ಬಿಡುವುದೂ ಇಲ್ಲ. ರೈಲಿನಲ್ಲಿ ಹೋಗಿ, ದಾರಿಯಲ್ಲಿ ಮದ್ದೂರು ವಡೆ ತಿನ್ನಿ.

ಇನ್ನು ನನ್ನ ಕೋರಿಕೆಗಳು.

ಮೊದಲನೆಯದು, ಎಲ್ಲಿಗೆ ಹೋಗಬೇಕೆಂದು ಆಕೆಯನ್ನು ಕೇಳಿ. "ನಿಮ್ಮಿಷ್ಟ" ಎಂಬ ಉತ್ತರ ಬರುತ್ತದೆ. ಅದನ್ನು ಒಪ್ಪಿಕೊಳ್ಳಬೇಡಿ. ಇನ್ನೊಮ್ಮೆ ಕೇಳಿ, ಕೇಳಿ ಸುಮ್ಮನಿರಿ. ತನಗೇನು ಬೇಕೆಂದು ಯೋಚಿಸಿಯೇ ಬಹಳ ಕಾಲವಾದವರಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಎರಡನೆಯದು, ಬುತ್ತಿ ಬೇಡ. ನೀವು ಎಂಟಕ್ಕೆ ಹೊರಡುವುದಕ್ಕೆ ಆಕೆ ನಾಲ್ಕಕ್ಕೆದ್ದು ಪುಳಿಯೋಗರೆ, ಮೊಸರನ್ನ ಕಲೆಸುವುದಾದರೆ ಅದು ಆಕೆಗೆ ಇನ್ನೊಂದು ಹಬ್ಬದ ಕೆಲಸ. ತಿಂಡಿ ಹೋಟೆಲಿನಲ್ಲಿ ಆಗಲಿ, ಊಟ ದಾರಿಯಲ್ಲಿ ಆಗಲಿ. ವಾಪಸು ಬಂದ ರಾತ್ರಿ ಆಕೆ ಒಲೆ ಹಚ್ಚಬಾರದು. ಉಪ್ಪಿಟ್ಟು ಕೆದಕಲು ನಿಮಗೆ ಬರುತ್ತದೆ, ಬ್ರಹ್ಮಚಾರಿಯಾಗಿ ರೂಮಿನಲ್ಲಿದ್ದಾಗ ಮಾಡಿಕೊಳ್ಳುತ್ತಿದ್ದಿರಿ.

ಮೂರನೆಯದು, ಶೌಚಾಲಯ. ಇದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ. "ನೀವು ಹೋಗಿಬನ್ನಿ, ನನಗ್ಯಾಕೆ" ಎಂದು ಹೆಂಗಸರು ಹಿಂದೆ ಸರಿಯುವುದಕ್ಕೆ ಅರ್ಧ ಕಾರಣ ಇದೇ. ಹೊರಡುವ ದಿನ ಬೆಳಗಿನಿಂದ ನೀರೇ ಕುಡಿಯದೆ ಬಾಯಾರಿಕೊಂಡು ಕೂರುವವರಿದ್ದಾರೆ. ಹೋಗುವ ಕಡೆ ಶೌಚಾಲಯ ಎಲ್ಲಿದೆ, ಹೇಗಿದೆ ಎಂದು ನೀವೇ ಮೊದಲು ವಿಚಾರಿಸಿ, ಆಕೆಗೆ ಹೇಳಿ.

ನಾಲ್ಕನೆಯದು, ಜತೆಯಲ್ಲಿ ನಡೆಯಿರಿ. ಹತ್ತು ಹೆಜ್ಜೆ ಮುಂದೆ ಹೋಗಿ, ನಿಂತು, ತಿರುಗಿ "ಬೇಗ ಬಾ" ಎನ್ನುವುದನ್ನು ಕಾರಂಜಿ ಕೆರೆಯ ಹಾದಿಯಲ್ಲಿ ದಿನವೂ ನೋಡುತ್ತೇನೆ. ಆಕೆಯ ಮಂಡಿ ನಿಮ್ಮ ಮನೆಯ ಮೆಟ್ಟಿಲಲ್ಲೇ ಸವೆದದ್ದು. ಬೆಟ್ಟಕ್ಕೆ ಸಾವಿರ ಮೆಟ್ಟಿಲೇ ಹತ್ತಬೇಕೆಂದಿಲ್ಲ, ಬಸ್ಸಿದೆ. ಮೃಗಾಲಯದಲ್ಲಿ ಬ್ಯಾಟರಿ ಗಾಡಿ ಇದೆ. ಮಂಗಳವಾರ ರಜೆ, ನೆನಪಿರಲಿ.

ಐದನೆಯದು, ಹೋಟೆಲಿನಲ್ಲಿ ಮೆನು ಆಕೆಯ ಕೈಗೆ ಕೊಡಿ. ದರದ ಕಡೆಯಿಂದ ಓದಲು ಶುರುಮಾಡಿದರೆ, ಬೆರಳಿನಿಂದ ದರ ಮುಚ್ಚಿ.

"ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಜನ ಏನಂದಾರು" ಎಂದು ಕೇಳುವವರಿದ್ದಾರೆ. ಜನ ಎಂದರೆ ನಿಮ್ಮ ಎದುರುಮನೆಯವರು, ವಾಕಿಂಗ್ ಗೆಳೆಯರು, ಅಷ್ಟೇ ತಾನೆ? ಅವರಿಗೂ ಇದೇ ಪತ್ರ ಬರೆದಿದ್ದೇನೆ. "ಕರೆದರೂ ಅವಳೇ ಬರಲ್ಲ" ಎನ್ನುವವರಿಗೆ: ಒಂದು ಸಲ ಕರೆದು ಬಿಟ್ಟರೆ ಅದು ಕರೆದಂತಲ್ಲ. ನೀವು ಕೆಲಸದಲ್ಲಿದ್ದಾಗ ಒಂದು ಫೈಲಿಗೆ ಎಷ್ಟು ಸಲ ಜ್ಞಾಪನ ಕಳಿಸುತ್ತಿದ್ದಿರಿ, ಯೋಚಿಸಿ. ಇನ್ನು ಹಾಸಿಗೆ ಹಿಡಿದ ಹೆಂಡತಿಯ ಆರೈಕೆಯಲ್ಲಿ ಹಗಲು ರಾತ್ರಿ ಒಂದು ಮಾಡಿರುವ ಗಂಡಂದಿರೂ ಈ ಊರಿನಲ್ಲಿದ್ದಾರೆ. ಅವರಿಗೆ ನಾನು ಹೇಳುವುದೇನೂ ಇಲ್ಲ, ಕೈ ಮುಗಿಯುತ್ತೇನೆ. ಹೆಂಡತಿ ನಡೆದಾಡಿಕೊಂಡಿರುವಾಗಲೇ ಹೋಗಿಬನ್ನಿ ಎಂದು ನಿಮಗೆ ಹೇಳಲು ಅವರೇ ಹೆಚ್ಚು ಅರ್ಹರು. ಬೇಕಾದರೆ ಅವರನ್ನೇ ಕೇಳಿ.

ಮೈಸೂರಿಗರು ಒಬ್ಬರನ್ನು ನೋಡಿ ಒಬ್ಬರು ಕಲಿಯುವವರು. ಒಬ್ಬರು ಯೋಗಕ್ಕೆ ಸೇರಿದರೆ ಇಡೀ ಬೀದಿ ಸೇರುತ್ತದೆ. ಆದ್ದರಿಂದ ಕೊನೆಯದಾಗಿ ಒಂದು ಮಾತು ನಡೆಸಿಕೊಡಿ. ಈ ವಾರ ಆಕೆ ಎಲ್ಲಿಗೆ ಹೋಗಬೇಕೆಂದರೋ ಅಲ್ಲಿಗೆ ಹೋಗಿಬಂದು, ಮಾರನೆಯ ಬೆಳಿಗ್ಗೆ ವಾಕಿಂಗಿನಲ್ಲಿ ರಾಜಕೀಯ ಶುರುವಾಗುವ ಮೊದಲು ಆ ಸುದ್ದಿಯನ್ನು ಗೆಳೆಯರಿಗೆ ಹೇಳಿ. ಅವರು ನಕ್ಕರೆ ನಗಲಿ. ಮುಂದಿನ ವಾರ ಅವರ ಮನೆಯಲ್ಲೂ "ಎಲ್ಲಿಗೆ ಹೋಗೋಣ?" ಎಂಬ ಮಾತು ಬರುತ್ತದೆ.



ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಕುವೆಂಪುನಗರ, ಮೈಸೂರು